ಗುಳಿಗೆಯ ಲೆಕ್ಕ ಯಾರು ಬರೆಯಬೇಕು?

(ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಸ್ವಸಹಾಯ ಸಂಘದ ಸದಸ್ಯೆಯರು ಹಳಿಯಾಳದಲ್ಲಿ ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ಊಟವಾದ ಮೇಲೆ ಭಾಷಣಕ್ಕೆ ನಿಲ್ಲುವವರ ಪಾಡು ನನಗೆ ಹೊಸತಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು ನಾನು. ಮಧ್ಯಾಹ್ನ ಎರಡರ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನ ಹುಡುಗಿಯರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತಿದ್ದರು. ನಿಮಗೂ ಬೆಳಗಿನಿಂದ ಸಾಲ, ಬಡ್ಡಿ, ವಸೂಲಿ ಎಂದು ಕೇಳಿ ಸಾಕಾಗಿರಬೇಕು. ಆದರೂ ಅರ್ಧ ತಾಸು ನನಗಾಗಿ ಎಚ್ಚರವಾಗಿರಿ.

ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ಬಗ್ಗೆ ಮಾತಾಡಲು ನನ್ನನ್ನು ಕರೆದರು. ಎಚ್‌ಐವಿ ಇರುವ ಗರ್ಭಿಣಿಯರು ನುಂಗುವ ಗುಳಿಗೆಯ ಬಗ್ಗೆ ಮಾತಾಡುತ್ತೇನೆ ಎಂದೆ. ಕರೆಯಲು ಬಂದವರು ಸ್ವಲ್ಪ ಹೊತ್ತು ಸುಮ್ಮನಾದರು. "ಅದು ಡಾಕ್ಟರರ ವಿಷಯ ಅಲ್ಲೇನ್ರಿ ಅಕ್ಕೋರೆ?" ಎಂದು ಒಬ್ಬಾಕೆ ಕೇಳಿದಳು. ಡಾಕ್ಟರರ ವಿಷಯ ಹೌದು. ಅದು ನಮ್ಮ ವಿಷಯವೂ ಹೇಗೆ ಆಗುತ್ತದೆ ಎಂದು ಹೇಳಬೇಕಾದರೆ ನಾನು ಒಬ್ಬ ಹುಡುಗಿಯಿಂದ ಪ್ರಾರಂಭಿಸಬೇಕು.

ಅವಳ ಹೆಸರು ಹೇಳುವುದಿಲ್ಲ. ಊರೂ ಹೇಳುವುದಿಲ್ಲ. ನಿಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಎಂದಷ್ಟೇ ತಿಳಿಯಿರಿ. ನನ್ನ ವಿದ್ಯಾರ್ಥಿನಿ, ಓದಿನಲ್ಲಿ ಚುರುಕು. ಬಿ.ಎಸ್ಸಿ. ಎರಡನೆಯ ವರ್ಷದಲ್ಲೇ ಮದುವೆ ಮಾಡಿ ಕಳಿಸಿದರು. ಹುಡುಗನಿಗೆ ಗೋವಾದಲ್ಲಿ ಕೆಲಸ, ಒಳ್ಳೆಯ ಸಂಬಳ ಎಂದು ನಾಲ್ಕು ತೊಲೆ ಬಂಗಾರ, ಒಂದು ಮೋಟಾರ್ ಸೈಕಲ್ ಕೊಟ್ಟರು. 2016ರಲ್ಲಿ ಮೊದಲ ಬಸಿರು. ತಾಯಿ ಕಾರ್ಡ್ ಮಾಡಿಸಲು ಹೋದಾಗ ಎಲ್ಲ ಗರ್ಭಿಣಿಯರಿಗೂ ಮಾಡುವ ರಕ್ತಪರೀಕ್ಷೆ ಅವಳಿಗೂ ಆಯಿತು. ಎಚ್‌ಐವಿ ಸೋಂಕು ಇದೆ ಎಂದು ಬಂತು. ಗಂಡನಿಗೆ ತನ್ನ ಸೋಂಕಿನ ವಿಷಯ ಮದುವೆಗೆ ಮೊದಲೇ ಗೊತ್ತಿತ್ತು ಎಂಬುದು ಎಷ್ಟೋ ತಿಂಗಳ ಮೇಲೆ ಹೊರಬಿತ್ತು. ಆದರೆ ಮನೆಯಲ್ಲಿ ಮೊದಲು ಬಯಲಾದದ್ದು ಇವಳ ಪರೀಕ್ಷೆ, ಆದ್ದರಿಂದ ರೋಗ ತಂದವಳು ಇವಳೇ ಎಂದಾಯಿತು. ಇದು ಒಬ್ಬಳ ಕಥೆಯಲ್ಲ. ಹೆಣ್ಣು ಬಸುರಾದ ಕೂಡಲೇ ಪರೀಕ್ಷೆಯ ಸರದಿಯಲ್ಲಿ ನಿಲ್ಲುತ್ತಾಳೆ. ಗಂಡಸಿಗೆ ಅಂಥ ಸರದಿಯೇ ಇಲ್ಲ.

ಮುಂದೆ ಕೇಳಿ. "ನಿನ್ನ ಔಷಧದ ಖರ್ಚು ನಾವ್ಯಾಕೆ ಹೊರಬೇಕು? ತವರಿನಿಂದ ತಾ" ಎಂದು ಅತ್ತೆ ಹಠ ಹಿಡಿದರು. ಎಚ್‌ಐವಿ ಗುಳಿಗೆಗೆ ಖರ್ಚೇ ಇಲ್ಲ. 2004ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಸರಕಾರ ಅದನ್ನು ಪುಕ್ಕಟೆ ಕೊಡಲು ಪ್ರಾರಂಭಿಸಿತು, ಈಗ ದೇಶದ ಎಲ್ಲ ಕಡೆ ಕೊಡುತ್ತದೆ. ತವರಿನವರಿಗೆ ಅದು ಗೊತ್ತಿರಲಿಲ್ಲ. ಮರ್ಯಾದೆಗೆ ಅಂಜಿ ಯಾರನ್ನೂ ಕೇಳಲೂ ಇಲ್ಲ. ಎರಡು ಸಲ ಹಣ ಕೊಟ್ಟರು, ಒಂದು ಎಮ್ಮೆ ಮಾರಿದರು. ಪುಕ್ಕಟೆ ಗುಳಿಗೆಯ ಹೆಸರಿನಲ್ಲಿ ವಸೂಲಾದ ಈ ಹಣಕ್ಕೆ ವರದಕ್ಷಿಣೆ ಎನ್ನದೆ ಬೇರೆ ಯಾವ ಹೆಸರಿದೆ, ನೀವೇ ಹೇಳಿ.

ಅವಳು ಗುಳಿಗೆ ತಪ್ಪಿಸಲಿಲ್ಲ. ಮೊದಲ ಮಗು ಆರೋಗ್ಯವಾಗಿ ಹುಟ್ಟಿತು, ಅದಕ್ಕೆ ಸೋಂಕು ತಗಲಲಿಲ್ಲ. 2021ರಲ್ಲಿ ಎರಡನೆಯ ಬಸಿರು. ಅದಕ್ಕೆ ಸ್ವಲ್ಪ ಮುಂಚೆ ಅವಳ ಗುಳಿಗೆಯನ್ನು ಬದಲಾಯಿಸಿದ್ದರು. ಒಂದು ದಿನ ಸರದಿಯಲ್ಲಿ ಕೂತಾಗ ಪಕ್ಕದವಳು ಮೊಬೈಲಿನಲ್ಲಿ ಸುದ್ದಿ ತೋರಿಸಿದಳಂತೆ: ಈ ಹೊಸ ಗುಳಿಗೆ ನುಂಗಿದರೆ ಮಗುವಿನ ಬೆನ್ನುಹುರಿ ತೆರೆದುಕೊಂಡೇ ಹುಟ್ಟುತ್ತದೆ ಎಂದು. ಇನ್ನೊಂದು ಕಡೆ, ಯಾವ ಆಸ್ಪತ್ರೆ ಎಂದು ಹೇಳುವುದು ಬೇಡ, ಅಲ್ಲಿನ ಸಿಬ್ಬಂದಿಯೊಬ್ಬರು "ಈ ಗುಳಿಗೆ ತಗೋವಾಗ ಬಸಿರು ಯಾಕ ಆದಿ?" ಎಂದು ಗದರಿಸಿದರು. ಅವಳು ನನಗೆ ಫೋನ್ ಮಾಡಿದಳು. "ಅಕ್ಕೋರೆ, ಭ್ರೂಣದ ಪಾಠ ನೀವೇ ಕಲಿಸಿದವರು. ಇದು ಖರೆ ಏನ್ರಿ?"

ನನಗೆ ಗೊತ್ತಿರಲಿಲ್ಲ. "ತಡಿ, ಓದಿ ಹೇಳ್ತೇನೆ" ಎಂದೆ.

ನಾನು ಓದಿ ಮುಗಿಸಿ ಅವಳಿಗೆ ಫೋನ್ ಮಾಡಿದ್ದು ಹತ್ತೊಂಬತ್ತು ದಿನಗಳ ಮೇಲೆ. ಅಷ್ಟೂ ದಿನ ಅವಳು ಗುಳಿಗೆ ನುಂಗಿರಲಿಲ್ಲ. ನನ್ನ 'ತಡಿ' ಅವಳಿಗೆ 'ನುಂಗುವುದನ್ನು ತಡಿ' ಎಂದು ಕೇಳಿಸಿತ್ತು. ಅದು ಅವಳ ತಪ್ಪಲ್ಲ, ನನ್ನದು. "ಇವತ್ತಿನ ಗುಳಿಗೆ ಇವತ್ತೇ ನುಂಗು, ನಾಳೆ ಬೆಳಿಗ್ಗೆ ಎ.ಆರ್.ಟಿ. ಕೇಂದ್ರದ ಡಾಕ್ಟರನ್ನು ಕೇಳು" ಎಂದು ಒಂದೇ ವಾಕ್ಯ ಹೇಳಿದ್ದರೆ ಆಗುತ್ತಿತ್ತು. ಓದಿದವರಿಗೆ 'ನನಗೆ ಗೊತ್ತಿಲ್ಲ, ಅವರನ್ನು ಕೇಳು' ಎನ್ನಲು ನಾಲಿಗೆ ಹೊರಳುವುದಿಲ್ಲ.

ಆ ಹತ್ತೊಂಬತ್ತು ದಿನ ನಾನು ಓದಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಮಾತು. ಔಷಧಿಯನ್ನು ಸಂಶಯದಿಂದ ನೋಡುವುದನ್ನು ಮಹಿಳಾ ಚಳವಳಿಯೇ ನನಗೆ ಕಲಿಸಿದ್ದು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲಕ್ಕೆ ದೇಶದ ಮಹಿಳಾ ಸಂಘಟನೆಗಳು ಇ.ಪಿ. ಎಂಬ ಹಾರ್ಮೋನು ಔಷಧದ ವಿರುದ್ಧ ಹೋರಾಡುತ್ತಿದ್ದವು. ಬಸಿರು ನಿಂತಿದೆಯೋ ಇಲ್ಲವೋ ಎಂದು ನೋಡಲು ಅದನ್ನು ಕೊಡುತ್ತಿದ್ದರು. ಭ್ರೂಣಕ್ಕೆ ಅಪಾಯ ಎಂದು ಗೊತ್ತಿದ್ದೂ ಅಂಗಡಿಗಳಲ್ಲಿ ಸಿಗುತ್ತಿತ್ತು. 1985ರಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗಕ್ಕೆ ಹಳ್ಳಿ ಹೆಂಗಸರನ್ನು ಕರೆತಂದರು. ಇದು ಪ್ರಯೋಗ ಎಂದು ಅವರಿಗೆ ಹೇಳಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನಾ ಮತ್ತು ಇತರರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದಕ್ಕೂ ಹಿಂದೆ, 1950ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಬಸುರಿಯರ ವಾಕರಿಕೆಗೆ ಥ್ಯಾಲಿಡೊಮೈಡ್ ಎಂಬ ಗುಳಿಗೆ ಕೊಟ್ಟು ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಹೀಗಾಗಿ 'ಈ ಗುಳಿಗೆ ಮಗುವಿಗೆ ಕೆಟ್ಟದ್ದೋ?' ಎಂದು ಯಾವ ಹೆಂಗಸು ಕೇಳಿದರೂ ಅದು ಮೂಢನಂಬಿಕೆಯಲ್ಲ. ಕೇಳಲೇಬೇಕಾದ ಪ್ರಶ್ನೆ ಅದು.

ಆದರೆ ಥ್ಯಾಲಿಡೊಮೈಡಿನ ಪಾಠವನ್ನು ದೊಡ್ಡವರು ತಿರುವುಮುರುವಾಗಿ ಕಲಿತರು. ಗರ್ಭಿಣಿಯರಿಗೆ ಔಷಧ ಕೊಡುವಾಗ ಹೆಚ್ಚು ಎಚ್ಚರದಿಂದ ಪರೀಕ್ಷಿಸೋಣ ಎನ್ನುವ ಬದಲು, ಹೆಂಗಸರನ್ನೇ ಪರೀಕ್ಷೆಯಿಂದ ಹೊರಗಿಡೋಣ ಎಂದರು. ಮಗು ಆಗುವ ವಯಸ್ಸಿನ ಹೆಂಗಸರನ್ನು ಹೊಸ ಔಷಧದ ಮೊದಲ ಹಂತದ ಪ್ರಯೋಗಗಳಲ್ಲಿ ಸೇರಿಸಬೇಡಿ ಎಂದು ಅಮೆರಿಕದ ಔಷಧ ಇಲಾಖೆ 1977ರಲ್ಲಿ ಹೇಳಿತು. 1993ರವರೆಗೆ ಆ ನಿಯಮವಿತ್ತು. ಇದರ ಫಲ ಏನಾಯಿತು? ಔಷಧ ಗಂಡಸರ ಮೈಮೇಲೆ ಪಾಸಾಗಿ ಮಾರುಕಟ್ಟೆಗೆ ಬರುತ್ತದೆ. ಆಮೇಲೆ ಬಸುರಿ ಹೆಂಗಸರು ಅದನ್ನು ನುಂಗುತ್ತಾರೆ. ಅಂದರೆ ಪ್ರಯೋಗ ನಡೆಯುವುದು ತಪ್ಪಲಿಲ್ಲ. ಯಾರೂ ಲೆಕ್ಕ ಬರೆದಿಡದ ಪ್ರಯೋಗವಾಗಿ ನಡೆಯಿತು, ಅಷ್ಟೆ.

ಎಚ್‌ಐವಿ ಔಷಧಗಳ ವಿಷಯಕ್ಕೆ ಬರುತ್ತೇನೆ. ಯಾವ ಔಷಧವೂ ಇಲ್ಲದಿದ್ದರೆ, ಎದೆಹಾಲಿನ ಕಾಲವನ್ನೂ ಸೇರಿಸಿ, ಸೋಂಕಿರುವ ನೂರು ತಾಯಂದಿರ ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟುತ್ತದೆ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನಡೆದ ಪ್ರಯೋಗವೊಂದು ಜಿಡೊವುಡಿನ್ ಎಂಬ ಔಷಧವನ್ನು ಬಸಿರಿನಲ್ಲಿ, ಹೆರಿಗೆಯಲ್ಲಿ ತಾಯಿಗೂ, ಆಮೇಲೆ ಆರು ವಾರ ಕೂಸಿಗೂ ಕೊಟ್ಟರೆ ನೂರಕ್ಕೆ 25 ಇದ್ದದ್ದು 8ಕ್ಕೆ ಇಳಿಯುತ್ತದೆ ಎಂದು ತೋರಿಸಿತು. ದೊಡ್ಡ ಸಂಗತಿ. ಇವತ್ತು ತಾಯಿ ಮೂರು ಔಷಧ ಸೇರಿದ ಗುಳಿಗೆಯನ್ನು ತಪ್ಪದೆ ನುಂಗಿದರೆ ಆ ಸಂಖ್ಯೆ ನೂರಕ್ಕೆ 5ಕ್ಕಿಂತ ಕೆಳಗೆ ಬರುತ್ತದೆ. ಇದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡು ಉಳಿದದ್ದನ್ನು ಕೇಳಿ, ಯಾಕೆಂದರೆ ಈಗ ನಾನು ತೊಂದರೆಗಳನ್ನು ಹೇಳುವವಳಿದ್ದೇನೆ.

ಜಿಡೊವುಡಿನ್ ರಕ್ತ ಕಡಿಮೆ ಮಾಡುತ್ತದೆ. ಬಸಿರಿನಲ್ಲಿ ಮೊದಲೇ ಮೈಯಲ್ಲಿ ರಕ್ತವಿಲ್ಲದ ನಮ್ಮ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ನೆವಿರಪಿನ್ ಎಂಬುದು ಕೆಲವರಿಗೆ ಮೈಮೇಲೆ ದದ್ದು ಎಬ್ಬಿಸಿ ಯಕೃತ್ತನ್ನೇ ಕೆಡಿಸಿತು. ವಿಚಿತ್ರವೆಂದರೆ, ರೋಗನಿರೋಧಕ ಶಕ್ತಿ ಚೆನ್ನಾಗಿ ಉಳಿದಿದ್ದ ಹೆಂಗಸರಲ್ಲೇ ಈ ಅಪಾಯ ಹೆಚ್ಚು, ಗರ್ಭಿಣಿಯರೂ ಸತ್ತಿದ್ದಾರೆ. ಸ್ಟಾವುಡಿನ್ ಮತ್ತು ಡಿಡಾನೊಸಿನ್ ಎಂಬ ಎರಡನ್ನು ಜೊತೆಯಾಗಿ ತೆಗೆದುಕೊಂಡ ಮೂವರು ಗರ್ಭಿಣಿಯರು ರಕ್ತದಲ್ಲಿ ಆಮ್ಲ ಏರಿ ಸತ್ತ ಮೇಲೆ 2001ರ ಜನವರಿಯಲ್ಲಿ ಎಚ್ಚರಿಕೆ ಹೊರಟಿತು. ಸ್ಟಾವುಡಿನ್ ನಮ್ಮಲ್ಲೂ ಹಲವು ವರ್ಷ ಬಳಕೆಯಲ್ಲಿತ್ತು. ಕೆನ್ನೆ ಗುಳಿಬಿದ್ದ ಮುಖ ನೋಡಿಯೇ ಊರವರು 'ಇವಳಿಗೆ ಅದೇ ರೋಗ' ಎಂದು ಗುರುತು ಹಿಡಿಯುತ್ತಿದ್ದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಆ ಗುಳಿ ಔಷಧದ್ದು. ಮುಂದೆ ಅದನ್ನು ಕೈಬಿಟ್ಟರು.

ಇನ್ನೊಂದು ವಿಷಯ ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ನಮ್ಮ ದೇಶದಲ್ಲಿ 2002ರಿಂದ ಸುಮಾರು ಹತ್ತು ವರ್ಷ, ಹೆರಿಗೆ ಬೇನೆ ಶುರುವಾದಾಗ ತಾಯಿಗೆ ಒಂದೇ ಒಂದು ನೆವಿರಪಿನ್ ಗುಳಿಗೆ, ಹುಟ್ಟಿದ ಕೂಸಿಗೆ ಒಂದು ಸಲ ಅದರ ಹನಿ, ಇಷ್ಟೇ ಕಾರ್ಯಕ್ರಮ. ಅಗ್ಗ, ಸುಲಭ. ಸಾವಿರಾರು ಕೂಸುಗಳು ಉಳಿದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಗುಳಿಗೆಯಿಂದ ತಾಯಿಯ ಮೈಯೊಳಗಿನ ವೈರಸ್ಸು ಆ ಔಷಧಕ್ಕೆ ಪಳಗಿಬಿಡುತ್ತಿತ್ತು. ಮುಂದೆ ಅವಳಿಗೇ ಚಿಕಿತ್ಸೆ ಬೇಕಾದಾಗ ಅದು ನಾಟುತ್ತಿರಲಿಲ್ಲ. ಮಗು ಉಳಿಸುವ ಲೆಕ್ಕದಲ್ಲಿ ತಾಯಿ ಬರೀ ಪಾತ್ರೆಯಾಗಿದ್ದಳು. 2012ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಗರ್ಭಿಣಿಯರಿಗೆ ಮೂರು ಔಷಧಗಳ ಪದ್ಧತಿ ಬಂತು. 2014ರ ಜನವರಿಯಿಂದ ಎಚ್‌ಐವಿ ಇರುವ ಪ್ರತಿ ಗರ್ಭಿಣಿಗೂ ಜೀವನಪೂರ್ತಿ ಚಿಕಿತ್ಸೆ ಎಂದಾಯಿತು.

ಈಗ ನನ್ನ ಹುಡುಗಿಯ ಗುಳಿಗೆ. ಅವಳ ಹಳೆಯ ಗುಳಿಗೆಯಲ್ಲಿ ಎಫವಿರೆಂಜ್ ಎಂಬುದಿತ್ತು. ಅದರ ಮೇಲೂ ಇಂಥದೇ ಸಂಶಯ ಇತ್ತು. ಮಂಗಗಳ ಮೇಲಿನ ಪ್ರಯೋಗದಲ್ಲಿ 20 ಮರಿಗಳಲ್ಲಿ 3ಕ್ಕೆ ಅಂಗವಿಕಲತೆ ಕಂಡಿತ್ತು. ಹೆಂಗಸರಲ್ಲಿ ಹಾಗೆ ಆಗುತ್ತದೆಯೇ ಎಂದು ತಿಳಿಯಲು ಆಫ್ರಿಕದ ಬೋಟ್ಸ್‌ವಾನಾ ದೇಶದಲ್ಲಿ 2014ರ ಆಗಸ್ಟ್‌ನಲ್ಲಿ ಸೆಪಾಮೊ ಎಂಬ ಅಧ್ಯಯನ ಪ್ರಾರಂಭವಾಯಿತು. ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಹೆರಿಗೆ ಮಾಡಿಸಿದ ದಾದಿಯರೇ ತಲೆಯಿಂದ ಕಾಲಿನವರೆಗೆ ನೋಡಿ ಬರೆದಿಡುವುದು. ತಾಯಿಗೆ ಎಚ್‌ಐವಿ ಇರಲಿ ಇಲ್ಲದಿರಲಿ, ಎಲ್ಲರದನ್ನೂ ಬರೆಯುವುದು. ಯಂತ್ರವಿಲ್ಲ, ದೊಡ್ಡ ಲ್ಯಾಬು ಇಲ್ಲ. ಸೂಲಗಿತ್ತಿಯ ಕಣ್ಣು ಮತ್ತು ಒಂದು ರಿಜಿಸ್ಟರು.

ಎಫವಿರೆಂಜ್ ನಿರಪರಾಧಿ ಎಂದು ತೋರುತ್ತ ಬಂತು. ಅಷ್ಟರಲ್ಲಿ ಆ ದೇಶದಲ್ಲಿ ಡೊಲುಟೆಗ್ರಾವಿರ್ ಎಂಬ ಹೊಸ ಔಷಧ ಬಂದಿತ್ತು. ಅದು ವೈರಸ್ಸನ್ನು ಬೇಗ ಇಳಿಸುತ್ತದೆ, ತಲೆತಿರುಗು, ಕೆಟ್ಟ ಕನಸು ಕಡಿಮೆ. 2018ರ ಮೇ ತಿಂಗಳಲ್ಲಿ ಡಾ. ರೆಬೆಕ್ಕಾ ಜಾಶ್ ಮತ್ತು ಸಂಗಡಿಗರು ಲೆಕ್ಕ ತೆಗೆದಾಗ, ಬಸಿರು ನಿಲ್ಲುವಾಗಲೇ ಈ ಔಷಧ ನುಂಗುತ್ತಿದ್ದ 426 ಹೆಂಗಸರ ಮಕ್ಕಳಲ್ಲಿ 4 ಮಕ್ಕಳಿಗೆ ನರನಾಳದ ದೋಷ ಕಂಡಿತು. ಸಾವಿರಕ್ಕೆ ಒಂಬತ್ತರ ಸಮೀಪ. ಉಳಿದ ತಾಯಂದಿರಲ್ಲಿ ಅದು ಸಾವಿರಕ್ಕೆ ಒಂದರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ ಮೇ 18ರಂದು ಎಚ್ಚರಿಕೆ ಹೊರಡಿಸಿತು.

ನರನಾಳ ಎಂದರೇನು ಎಂದು ಹೇಳಿಬಿಡುತ್ತೇನೆ, ಹಳೆಯ ಚಟ. ನನ್ನ ವಿದ್ಯಾರ್ಥಿನಿಯರಿಗೆ 33 ತಾಸಿನ ಕೋಳಿ ಭ್ರೂಣದ ಸ್ಲೈಡ್ ತೋರಿಸುತ್ತಿದ್ದೆ. ಬೆನ್ನಿನ ಉದ್ದಕ್ಕೆ ಎರಡು ಮಡಿಕೆಗಳು ಎದ್ದು, ಕಡುಬಿನ ಅಂಚು ಮಡಚಿದ ಹಾಗೆ ಒಂದಕ್ಕೊಂದು ಕೂಡಿ ಕೊಳವೆಯಾಗುತ್ತವೆ. ಅದೇ ಮುಂದೆ ಮಿದುಳು, ಬೆನ್ನುಹುರಿ. ಮನುಷ್ಯರಲ್ಲಿ ಗರ್ಭ ಕಟ್ಟಿದ 28 ದಿನಗಳ ಒಳಗೆ ಈ ಕೆಲಸ ಮುಗಿಯುತ್ತದೆ. ಎಲ್ಲಾದರೂ ಅಂಚು ಕೂಡದಿದ್ದರೆ ಅಲ್ಲಿ ದೋಷ ಉಳಿಯುತ್ತದೆ. ಅಂದರೆ ಮುಟ್ಟು ನಿಂತಿತು ಎಂದು ಹೆಂಗಸು ಲೆಕ್ಕ ಹಾಕಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಈ ಕೆಲಸ ಮುಗಿದೇ ಹೋಗಿರುತ್ತದೆ. ನನ್ನ ಹುಡುಗಿ ಮೂರನೆಯ ತಿಂಗಳಲ್ಲಿ ಗುಳಿಗೆ ಬಿಟ್ಟಳು. ಅಪಾಯ ಇದ್ದದ್ದೇ ನಿಜವಾಗಿದ್ದರೂ ಆಗ ಬಿಟ್ಟು ಪ್ರಯೋಜನವಿರಲಿಲ್ಲ. ವೈರಸ್ಸು ಏರಿದ್ದಷ್ಟೇ ಲಾಭ. ಭ್ರೂಣಶಾಸ್ತ್ರ ಕಲಿಸಿದ ನನಗೆ ಇದಾದರೂ ಆ ಫೋನಿನಲ್ಲೇ ಹೊಳೆಯಬೇಕಿತ್ತು.

ಇನ್ನು ಮುಖ್ಯ ವಿಷಯ. ಬೋಟ್ಸ್‌ವಾನಾದವರು ಲೆಕ್ಕ ಬರೆಯುವುದನ್ನು ನಿಲ್ಲಿಸಲಿಲ್ಲ. 2019ರಲ್ಲಿ 1683 ಹೆರಿಗೆಗಳಲ್ಲಿ 5 ದೋಷ. 2020ರಲ್ಲಿ 3591ರಲ್ಲಿ 7. 2022ರ ಹೊತ್ತಿಗೆ 9460ರಲ್ಲಿ 10. ಅಂದರೆ ಸಾವಿರಕ್ಕೆ ಒಂದು, ಉಳಿದವರಷ್ಟೇ. ಹಾಗಾದರೆ 2018ರಲ್ಲಿ ಸುಳ್ಳು ಹೇಳಿದ್ದರೇ? ಇಲ್ಲ. ಕಂಡದ್ದನ್ನು ಹೇಳಿದರು, ಹೇಳಬೇಕಾದದ್ದೇ. ಆ ನಾಲ್ಕು ಒಂದರ ಹಿಂದೆ ಒಂದು ಆಕಸ್ಮಿಕವಾಗಿ ಬಂದಿದ್ದವು.

ಇದು ನಿಮಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ನೀವು ಪಾಸ್‌ಬುಕ್ಕು, ಠರಾವು ಪುಸ್ತಕ ಇಟ್ಟವರು. ಸಂಘ ಪ್ರಾರಂಭವಾದ ಮೊದಲ ತಿಂಗಳೇ ಹತ್ತು ಜನರಿಗೆ ಸಾಲ ಕೊಟ್ಟು ಇಬ್ಬರು ಕಟ್ಟದಿದ್ದರೆ, 'ನೂರಕ್ಕೆ ಇಪ್ಪತ್ತು ಸಾಲ ಮುಳುಗುತ್ತದೆ, ಸಂಘ ಮುಚ್ಚಿರಿ' ಎಂದು ಯಾರಾದರೂ ಹೇಳಿಯಾರು. ಎಚ್ಚರವಾಗಿರಬೇಕು ಹೌದು, ಮುಚ್ಚಬೇಕಾಗಿಲ್ಲ. ಇನ್ನೂ ಐದು ವರ್ಷದ ಲೆಕ್ಕ ಬಂದ ಮೇಲೆ ನಿಜ ತಿಳಿಯುತ್ತದೆ. ಇನ್ನೊಂದು: ಕಟ್ಟದವರ ಹೆಸರು ಮಾತ್ರ ಬರೆದು, ಕಟ್ಟಿದವರ ಹೆಸರು ಬರೆಯದೆ ಹೋದರೆ ಆ ಪುಸ್ತಕದಲ್ಲಿ ಎಲ್ಲರೂ ಕಳ್ಳರೇ ಕಾಣುತ್ತಾರೆ. ಔಷಧದ ಲೆಕ್ಕವೂ ಹಾಗೆಯೇ. ಅಂಗವಿಕಲ ಕೂಸು ಹುಟ್ಟಿದಾಗ ಮಾತ್ರ 'ತಾಯಿ ಏನು ನುಂಗಿದ್ದಳು?' ಎಂದು ಹುಡುಕಿದರೆ ಯಾವ ಗುಳಿಗೆಯ ಮೇಲಾದರೂ ಅಪರಾಧ ಹೊರಿಸಬಹುದು. ಅಮೆರಿಕದಲ್ಲಿ 1989ರಿಂದ ಎಚ್‌ಐವಿ ಔಷಧ ನುಂಗುವ ಗರ್ಭಿಣಿಯರ ಒಂದು ನೋಂದಣಿ ಪುಸ್ತಕ ಇದೆ, ಬೇರೆ ದೇಶಗಳ ವೈದ್ಯರೂ ಅದಕ್ಕೆ ಬರೆಯಬಹುದು. ಮಗು ಹೇಗೆ ಹುಟ್ಟುತ್ತದೆ ಎಂದು ತಿಳಿಯುವ ಮೊದಲೇ ಹೆಸರು ನೋಂದಾಯಿಸಬೇಕು ಎಂಬುದು ಅದರ ಕ್ರಮ, ಹೆಸರೆಂದರೆ ತಾಯಿಯ ಹೆಸರಲ್ಲ, ಒಂದು ಸಂಖ್ಯೆ. ಒಟ್ಟಾರೆ ಅಂಗದೋಷಗಳು ಎರಡು ಪಟ್ಟಾಗಿವೆಯೇ ಎಂದು ತಿಳಿಯಲು ಮೊದಲ ಮೂರು ತಿಂಗಳಲ್ಲಿ ಔಷಧ ನುಂಗಿದ 200 ಗರ್ಭಿಣಿಯರ ಲೆಕ್ಕ ಬೇಕು. ನರನಾಳದ ದೋಷದಂಥ ಅಪರೂಪದ್ದಕ್ಕೆ ಸುಮಾರು 2000 ಬೇಕು.

ಔಷಧ ನುಂಗದವರ ಲೆಕ್ಕವೂ ಬೇಕು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1980ರ ದಶಕದಲ್ಲಿ ದಾವಣಗೆರೆಯಲ್ಲಿ ಡಾ. ಎಂ. ಎಲ್. ಕುಲಕರ್ಣಿ ಮತ್ತು ಸಂಗಡಿಗರು ಹುಟ್ಟಿದ ಮಕ್ಕಳನ್ನು ನೋಡಿ ಲೆಕ್ಕ ಬರೆದಾಗ ನರನಾಳದ ದೋಷ ಸಾವಿರಕ್ಕೆ 11ರಷ್ಟು ಕಂಡಿತ್ತು. ಆಗ ಅಲ್ಲಿ ಯಾರೂ ಎಚ್‌ಐವಿ ಔಷಧ ನುಂಗುತ್ತಿರಲಿಲ್ಲ, ಆ ಔಷಧ ನಮ್ಮ ಕಡೆ ಬಂದೇ ಇರಲಿಲ್ಲ. ಬೋಟ್ಸ್‌ವಾನಾದ ಎಚ್ಚರಿಕೆಯ ಸಂಖ್ಯೆಗಿಂತ ಅದು ಹೆಚ್ಚು! ರಕ್ತಸಂಬಂಧದ ಮದುವೆ, ಊಟದಲ್ಲಿ ಫೋಲಿಕ್ ಆಮ್ಲದ ಕೊರತೆ, ಇವೆಲ್ಲ ನಮ್ಮಲ್ಲಿ ಮೊದಲಿನಿಂದ ಇರುವ ಕಾರಣಗಳು. ಸೋದರಮಾವನಿಗೆ ಕೊಟ್ಟ ಹುಡುಗಿಗೆ ಅಂಥ ಮಗು ಹುಟ್ಟಿದರೆ ಮನೆಯವರು ಗುಳಿಗೆಯನ್ನು ದೂರುತ್ತಾರೆ, ಗುಳಿಗೆ ನುಂಗಿದವಳನ್ನು ದೂರುತ್ತಾರೆ. ಸಂಬಂಧ ಕೂಡಿಸಿದವರನ್ನು ಯಾರೂ ದೂರುವುದಿಲ್ಲ.

2018ರ ಎಚ್ಚರಿಕೆಯ ಮೇಲೆ ಏನು ನಡೆಯಿತು ಎಂಬುದೂ ನಮಗೆ ತಿಳಿದಿರಬೇಕು. ಕೆಲವು ದೇಶಗಳಲ್ಲಿ ಮಗು ಆಗುವ ವಯಸ್ಸಿನ ಹೆಂಗಸರಿಗೆಲ್ಲ ಹೊಸ ಔಷಧ ನಿಲ್ಲಿಸಿಬಿಟ್ಟರು. ಗರ್ಭನಿರೋಧಕ ಹಾಕಿಸಿಕೊಂಡಿದ್ದೇನೆ ಎಂದು ತೋರಿಸಿದರೆ ಕೊಡುತ್ತೇವೆ ಎಂದವರೂ ಇದ್ದರು. ಒಳ್ಳೆಯ ಗುಳಿಗೆ ಗಂಡಸರಿಗೆ, ಹಳೆಯದು ಹೆಂಗಸರಿಗೆ. ಆಗ 2018ರ ಜುಲೈಯಲ್ಲಿ ರುವಾಂಡಾದ ಕಿಗಾಲಿಯಲ್ಲಿ, ಎಚ್‌ಐವಿ ಜೊತೆ ಬದುಕುತ್ತಿರುವ ಆಫ್ರಿಕದ 18 ದೇಶಗಳ 39 ಹೆಂಗಸರು ಸೇರಿದರು. ಅಪಾಯ ಏನು, ಲಾಭ ಏನು ಎರಡನ್ನೂ ನಮಗೆ ಹೇಳಿ, ಆಯ್ಕೆ ನಮಗೆ ಬಿಡಿ, ಹೆಂಗಸರೆಂಬ ಒಂದೇ ಕಾರಣಕ್ಕೆ ತಡೆಯಬೇಡಿ ಎಂದು ಕೇಳಿದರು. 2019ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರೂ ಸೇರಿ ಎಲ್ಲರಿಗೂ ಈ ಔಷಧವನ್ನೇ ಸೂಚಿಸಿತು. ನಮ್ಮ ರಾಷ್ಟ್ರೀಯ ಮಾರ್ಗಸೂಚಿ 2021ರಲ್ಲಿ ಅದನ್ನೇ ಹೇಳಿತು. ನನ್ನ ಹುಡುಗಿಗೆ ಮೊಬೈಲಿನಲ್ಲಿ ಕಂಡದ್ದು 2018ರ ಸುದ್ದಿ. ಆಮೇಲಿನ ಮೂರು ವರ್ಷದ ಸುದ್ದಿ ಅವಳ ಸರದಿಯವರೆಗೆ ತಲುಪಿರಲಿಲ್ಲ.

ನಮ್ಮ ದೇಶದಲ್ಲಿ ಔಷಧದ ಅಡ್ಡಪರಿಣಾಮಗಳ ಲೆಕ್ಕ ಇಡಲು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮ ಎಂಬುದು 2010ರಿಂದ ಇದೆ, ಅದರ ಕೇಂದ್ರ ಗಾಜಿಯಾಬಾದಿನಲ್ಲಿ. ಡಾಕ್ಟರರೇ ಬರೆಯಬೇಕೆಂದಿಲ್ಲ. ಗುಳಿಗೆ ನುಂಗಿದವರು ಬರೆಯುವ ಫಾರಂ ಬೇರೆ ಇದೆ, ಕನ್ನಡದಲ್ಲೂ ಇದೆ. 1800-180-3024ಕ್ಕೆ ಪುಕ್ಕಟೆ ಫೋನ್ ಮಾಡಿ ಹೇಳಬಹುದು, ಕಚೇರಿಯ ದಿನಗಳಲ್ಲಿ. ಎಚ್‌ಐವಿ ಬಗ್ಗೆ ಏನನ್ನೇ ಕೇಳಲು 1097. ಕೆಳಗೆ ಕೂತ ಹುಡುಗಿಯರು ಬರೆದುಕೊಳ್ಳಿ.

ಆದರೆ ಫಾರಂ ಇದ್ದ ಮಾತ್ರಕ್ಕೆ ಲೆಕ್ಕ ಹುಟ್ಟುವುದಿಲ್ಲ. ಜೋಯಿಡಾದ ಒಳಹಳ್ಳಿಯ ಹೆಂಗಸು ಕಾರವಾರದ ಎ.ಆರ್.ಟಿ. ಕೇಂದ್ರಕ್ಕೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ, ಮಳೆಗಾಲದಲ್ಲಿ ಬಸ್ಸೂ ಹೋಗುತ್ತದೆ, ಅಂದರೆ ಇಲ್ಲದೇ ಹೋಗುತ್ತದೆ. ಮುಂಡಗೋಡ, ಹಳಿಯಾಳದ ಕಡೆಯವರು ಗುರುತಿನವರು ಸಿಗಬಾರದು ಎಂದು ಹುಬ್ಬಳ್ಳಿಗೆ ಹೋಗುತ್ತಾರೆ. ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿ, ಗುಳಿಗೆ ಒಂದು ಊರಿನದು, ಹೆರಿಗೆ ಇನ್ನೊಂದು ಊರಿನದು, ಕಬ್ಬು ಕಡಿಯಲು ಬಂದವಳಾದರೆ ಮೂರನೆಯ ಊರು. ಗೌಳಿ, ಸಿದ್ದಿ, ಕುಣಬಿ ಹೆಂಗಸರಿಗೆ ಕನ್ನಡದಲ್ಲಿ ಓಡುತ್ತ ಹೇಳಿದ ಸೂಚನೆ ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ಹೀಗೆ ಲೆಕ್ಕದ ಸಾಲು ನಡುವೆಯೇ ತುಂಡಾಗುತ್ತದೆ.

ಹಾಗೆಂದು ಸಂಘದವರು ಯಾರ ಮನೆಯಲ್ಲಿ ಯಾವ ಗುಳಿಗೆ ಇದೆ ಎಂದು ಪಟ್ಟಿ ಮಾಡಲು ಹೋಗಬೇಡಿ. ದಯವಿಟ್ಟು ಬೇಡ. ನಿಗಾ ಇರಬೇಕಾದದ್ದು ಗುಳಿಗೆಯ ಮೇಲೆ, ಹೆಂಗಸಿನ ಮೇಲೆ ಅಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದು ತಪ್ಪು. ಅದೇ ಕಾಯಿದೆ ಇನ್ನೂ ಎರಡು ಮಾತು ಹೇಳುತ್ತದೆ. ಎಚ್‌ಐವಿ ಇರುವ ಗರ್ಭಿಣಿಗೆ ವಿಷಯ ತಿಳಿಸಿ ಅವಳ ಒಪ್ಪಿಗೆ ಪಡೆಯದೆ ಗರ್ಭಪಾತವನ್ನಾಗಲಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನಾಗಲಿ ಮಾಡುವಂತಿಲ್ಲ. ಮತ್ತು ಸಂಸಾರ ಮಾಡಿದ ಮನೆಯಿಂದ ಅವಳನ್ನು ಹೊರಹಾಕುವಂತಿಲ್ಲ. ಕೌಟುಂಬಿಕ ದೌರ್ಜನ್ಯದ 2005ರ ಕಾಯಿದೆಯಲ್ಲೂ ಈ ವಾಸದ ಹಕ್ಕು ಇದೆ. ಗುಳಿಗೆ ಬಚ್ಚಿಡುವುದು, ಆಸ್ಪತ್ರೆಗೆ ಕಳಿಸದಿರುವುದು, ಊರಿಗೆಲ್ಲ ಹೇಳುತ್ತೇನೆಂದು ಹೆದರಿಸಿ ಹಣ ಕೇಳುವುದು, ಇವೆಲ್ಲ ದೌರ್ಜನ್ಯವೇ, ಮೈಮೇಲೆ ಬಾಸುಂಡೆ ಇಲ್ಲದಿದ್ದರೂ.

ಸಭೆಯಲ್ಲಿ ಯಾರ ಹೆಸರೂ ಎತ್ತದೆ ಎಲ್ಲರಿಗೂ ಹೇಳಬಹುದಾದ ಮಾತುಗಳಿವೆ. ಯಾವ ಸುದ್ದಿ ಕೇಳಿದರೂ ಗುಳಿಗೆ ತಾವಾಗಿ ನಿಲ್ಲಿಸಬಾರದು, ಮೊದಲು ಕೇಳಬೇಕು. ಈಗಿನ ಎಚ್‌ಐವಿ ಗುಳಿಗೆಯನ್ನು ಬಸುರಿಯರಿಗೆ ಕೊಡುವ ಕಬ್ಬಿಣದ, ಕ್ಯಾಲ್ಸಿಯಂ ಗುಳಿಗೆಯ ಜೊತೆ ಬರಿ ಹೊಟ್ಟೆಯಲ್ಲಿ ನುಂಗಿದರೆ ಔಷಧ ಮೈಗೆ ಹತ್ತುವುದಿಲ್ಲ. ಊಟದ ಜೊತೆಯಾದರೆ ಎಲ್ಲವನ್ನೂ ಒಟ್ಟಿಗೆ ನುಂಗಬಹುದು, ಇಲ್ಲವಾದರೆ ಎಚ್‌ಐವಿ ಗುಳಿಗೆಯನ್ನು 2 ತಾಸು ಮೊದಲು ಅಥವಾ 6 ತಾಸು ನಂತರ ನುಂಗಬೇಕು. ಎಷ್ಟೋ ಮನೆಗಳಲ್ಲಿ ಎಲ್ಲ ಗುಳಿಗೆ ಒಂದೇ ಡಬ್ಬಿಯಲ್ಲಿ ಇಟ್ಟು ಬೆಳಿಗ್ಗೆ ಎದ್ದ ಕೂಡಲೇ ನುಂಗುತ್ತಾರೆ. ಕ್ಷಯದ ಔಷಧವೂ ನಡೆದಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಪ್ರಮಾಣ ಬದಲಾಗುತ್ತದೆ. ರಕ್ತ ಎಷ್ಟಿದೆ, ಮೂತ್ರಪಿಂಡ ಸರಿಯಿದೆಯೇ, ವೈರಸ್ಸಿನ ಪ್ರಮಾಣ ಎಷ್ಟು ಎಂದು ಕೇಳಿ ತಿಳಿಯಬೇಕು, ಹೆರಿಗೆ ಹತ್ತಿರ ಬರುವ ಮೊದಲೇ. ಕೂಸಿಗೆ ಆರು ವಾರಕ್ಕೆ, ಆರು ತಿಂಗಳಿಗೆ, ಒಂದು ವರ್ಷಕ್ಕೆ, ಒಂದೂವರೆ ವರ್ಷಕ್ಕೆ ಪರೀಕ್ಷೆ ಇದೆ. ತವರಿಗೆ ಹೋಗುವಾಗ ಬಾಗಿನದ ಜೊತೆ ಆಸ್ಪತ್ರೆಯ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಳ್ಳಿ. ದದ್ದು, ಕಣ್ಣು ಹಳದಿ, ವಿಪರೀತ ಸುಸ್ತು ಕಂಡರೆ ಎಂದಿನಿಂದ, ಯಾವ ಗುಳಿಗೆಯ ಮೇಲೆ ಎಂದು ಗುರುತು ಹಾಕಿ ಅಂದೇ ತೋರಿಸಬೇಕು.

ನನ್ನ ಹುಡುಗಿ ಗುಳಿಗೆ ಮತ್ತೆ ಶುರುಮಾಡಿದಳು. ಹತ್ತೊಂಬತ್ತು ದಿನಗಳಲ್ಲಿ ಏರಿದ್ದ ವೈರಸ್ಸು ಎಂಟನೆಯ ತಿಂಗಳ ಹೊತ್ತಿಗೆ ಇಳಿದಿತ್ತು. ಕೂಸನ್ನು ನನಗೆ ತೋರಿಸಲು ತಂದಾಗ, ಹೇಳಲು ನಾಚಿಕೆಯಾಗುತ್ತದೆ, ಮುಖ ನೋಡುವ ಮೊದಲೇ ನಾನು ಅದರ ಬೆನ್ನಿನ ಮೇಲೆ ಕೈ ಆಡಿಸಿದೆ. ನುಣ್ಣಗಿತ್ತು. ಒಂದೂವರೆ ವರ್ಷದ ಪರೀಕ್ಷೆಯಲ್ಲೂ ಸೋಂಕಿಲ್ಲ ಎಂದು ಬಂತು. ಅವಳ ಸಂಘದ ನಾಲ್ವರು ಅವಳ ಅಪ್ಪಣೆ ಪಡೆದು ಅತ್ತೆಯ ಮನೆಗೆ ಹೋಗಿ, ಔಷಧದ ಖರ್ಚೆಂದು ಪಡೆದ ಹಣದ ರಸೀದಿ ಕೇಳಿದರು. ರಸೀದಿ ಎಲ್ಲಿಂದ ಬರಬೇಕು? ಈಗ ಅವಳು ಅದೇ ಮನೆಯ ಮುಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದಾಳೆ. ಎಮ್ಮೆಯ ಹಣ ಅರ್ಧ ಬಂದಿದೆ. ಬಂಗಾರ ಇನ್ನೂ ಬಂದಿಲ್ಲ.

ಕನ್ನಡದ ಫಾರಂನ ಪ್ರತಿಗಳನ್ನು ತಂದಿದ್ದೇನೆ, ಬಾಗಿಲ ಪಕ್ಕದ ಮೇಜಿನ ಮೇಲೆ ಇವೆ. ಯಾರು ತೆಗೆದುಕೊಂಡರು ಎಂದು ಗುರುತಾಗಬಾರದು, ಆದ್ದರಿಂದ ಎಲ್ಲರೂ ಒಂದೊಂದು ತೆಗೆದುಕೊಂಡು ಹೋಗಿ. ಜೋಯಿಡಾದ ಕಡೆಯವರ ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇದೆ. ಕೇಳುವುದಿದ್ದವರು ಕೇಳಿ, ಇಲ್ಲಿ ಬೇಡವೆಂದರೆ ಹೊರಗೆ ಮಾವಿನ ಗಿಡದ ಕೆಳಗೆ ಕೂತಿರುತ್ತೇನೆ. ನನಗೆ ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ, ಯಾರನ್ನು ಕೇಳಬೇಕು ಎಂದು ಹೇಳುತ್ತೇನೆ.